ಮಡಚಿದ ಬೆಳಕು: ಚಿಕ್ಕ ಡಿಜಿಟಲ್ ಕ್ಯಾಮೆರಾಗಳ ಲೆನ್ಸ್ ವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾಗಳ ಒಳಗೆ ಬೆಳಕು ಸಾಗುವ ದಾರಿಯ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ ಬರುತ್ತವೆ. ಆದರೂ ಯಾವ ಪ್ರಶ್ನೆಯಿಂದ ಬೇಕಾದರೂ ಓದತೊಡಗಬಹುದು. ಇಡೀ ಜೋಡಣೆಗೆ ‘ಲೆನ್ಸ್’ ಎಂದೂ, ಅದರೊಳಗಿನ ಒಂದೊಂದು ಗಾಜಿನ ಬಿಲ್ಲೆಗೆ ‘ಮಸೂರ’ ಎಂದೂ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ಲೆಕ್ಕ ಒಂದೇ: ಒಳ್ಳೆಯ ಬಿಂಬ ಮೂಡಬೇಕಾದರೆ ಬೆಳಕಿಗೆ ಇಂತಿಷ್ಟು ಹಾದಿ ಬೇಕೇ ಬೇಕು, ಆ ಹಾದಿಯನ್ನು ಕ್ಯಾಮೆರಾದ ದಪ್ಪದಿಂದ ಕಳೆದರೆ ಬೇರೆಲ್ಲಾದರೂ ತುಂಬಿಕೊಡಬೇಕಾಗುತ್ತದೆ.

## ಮೊದಲ ಪಾಠಗಳು

ಕ್ಯಾಮೆರಾ ಸಣ್ಣದಾಗಬೇಕು ಅಂದರೆ ದೊಡ್ಡ ಲೆನ್ಸನ್ನೇ ಕುಗ್ಗಿಸಿ ಕೂರಿಸಿದರೆ ಆಗದೇ?

ಆಗುತ್ತದೆ, ಬಹುಪಾಲು ಚಿಕ್ಕ ಕ್ಯಾಮೆರಾಗಳು ಮಾಡುವುದೂ ಅದನ್ನೇ. ಒಂದು ಲೆನ್ಸಿನ ನಕ್ಷೆಯನ್ನು ಎಲ್ಲ ಅಳತೆಗಳಲ್ಲೂ ಅರ್ಧಕ್ಕೆ ಇಳಿಸಿದರೆ ಸಂಗಮದೂರ (ದೂರದಿಂದ ಬಂದ ಕಿರಣಗಳನ್ನು ಲೆನ್ಸ್ ಒಂದೆಡೆ ಸೇರಿಸುವ ದೂರ, ಫೋಕಲ್ ಲೆಂತ್) ಅರ್ಧವಾಗುತ್ತದೆ, ಬಿಂಬದ ಉದ್ದಗಲಗಳೂ ಅರ್ಧವಾಗುತ್ತವೆ, ನೋಟದ ಕೋನ ಮಾತ್ರ ಹಾಗೆಯೇ ಉಳಿಯುತ್ತದೆ. ಮಸೂರಗಳ ಆಕಾರದಿಂದ ಹುಟ್ಟುವ ಮಸುಕೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಮೇಲ್ನೋಟಕ್ಕೆ ಏನೂ ಕಳೆದುಕೊಂಡಂತೆ ಕಾಣುವುದಿಲ್ಲ.

ಆದರೆ ಕುಗ್ಗಲು ಒಪ್ಪದ ಸಂಗತಿಗಳೂ ಇವೆ. ಬೆಳಕಿನ ತರಂಗದೂರ ಕುಗ್ಗುವುದಿಲ್ಲ. ಹಾಗಾಗಿ ಅಪರ್ಚರ್ ಸಂಖ್ಯೆ (ಮುಂದೆ ಬರುವ ಎಫ್ ಸಂಖ್ಯೆ) ಒಂದೇ ಇದ್ದರೆ ವಿವರ್ತನೆಯಿಂದ, ಅಂದರೆ ಕಿಂಡಿಯನ್ನು ದಾಟುವಾಗ ಬೆಳಕು ಹರಡಿಕೊಳ್ಳುವುದರಿಂದ, ಆಗುವ ಮಸುಕಿನ ಚುಕ್ಕೆ ದೊಡ್ಡ ಸೆನ್ಸರ್ (ಬಿಂಬ ಹಿಡಿಯುವ ಚಿಪ್) ಮೇಲೆ ಎಷ್ಟು ದೊಡ್ಡದೋ ಚಿಕ್ಕ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿರುತ್ತದೆ. ಅಳತೆ ಅರ್ಧವಾದರೆ ಬೆಳಕು ಒಳಬರುವ ಕಿಂಡಿಯ (ಅಪರ್ಚರಿನ) ವಿಸ್ತೀರ್ಣ ಕಾಲುಭಾಗವಾಗುತ್ತದೆ, ಚಿತ್ರ ಕಟ್ಟಲು ಸಿಗುವ ಒಟ್ಟು ಬೆಳಕೂ ಅಷ್ಟಕ್ಕೇ ಇಳಿಯುತ್ತದೆ. ಇನ್ನು ಜೋಡಣೆಯ ಮಾತು: ದೊಡ್ಡ ಲೆನ್ಸಿನಲ್ಲಿ ಮಸೂರವೊಂದು 10 ಮೈಕ್ರೋಮೀಟರ್ ಪಕ್ಕಕ್ಕೆ ಸರಿದು ಕೂತರೆ ನಡೆಯುತ್ತದೆ ಎಂದಾದರೆ, ಅರ್ಧಕ್ಕೆ ಇಳಿಸಿದ ಲೆನ್ಸಿನಲ್ಲಿ 5 ಮೈಕ್ರೋಮೀಟರಿಗಿಂತ ಹೆಚ್ಚು ಸರಿಯುವಂತಿಲ್ಲ. ಚಿಕ್ಕ ಲೆನ್ಸ್ ಅಗ್ಗವಾಗಿಯೇ ಇರಬೇಕೆಂಬ ನಂಬಿಕೆ ತಪ್ಪುವುದು ಇಲ್ಲಿ.

ಡಬ್ಬದ ಮೇಲೆ 24–70 ಅಂತಿದೆ, ಲೆನ್ಸಿನ ಸುತ್ತ 8.8–25.7 ಅಂತ ಕೆತ್ತಿದ್ದಾರೆ. ಯಾವುದನ್ನು ನಂಬಲಿ?

ಎರಡೂ ಸರಿ. ಲೆನ್ಸಿನ ಸುತ್ತ ಕೆತ್ತಿರುವುದು ನಿಜವಾದ ಸಂಗಮದೂರ. ಡಬ್ಬದ ಮೇಲಿನದು 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರ್ ಮೇಲೆ ಅದೇ ನೋಟದ ಕೋನವನ್ನು ಕೊಡುವ ಸಮಾನ ಸಂಗಮದೂರ. ನೀವು ಕೊಟ್ಟ ಸಂಖ್ಯೆಗಳು 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3ರವು. ಅದರ ಸೆನ್ಸರ್ ಕರ್ಣ ಫುಲ್ ಫ್ರೇಮಿನ ಕರ್ಣಕ್ಕಿಂತ ಸುಮಾರು 2.7 ಪಟ್ಟು ಚಿಕ್ಕದು, 8.8ನ್ನು 2.7ರಿಂದ ಗುಣಿಸಿದರೆ 24ರ ಹತ್ತಿರ ಬರುತ್ತದೆ. ಚೌಕಟ್ಟಿನಲ್ಲಿ ಎಷ್ಟು ದೃಶ್ಯ ಹಿಡಿಸುತ್ತದೆ ಎಂದು ತಿಳಿಯಲು ಸಮಾನ ಸಂಖ್ಯೆಯನ್ನು ನೋಡಿ, ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂದು ಅಂದಾಜಿಸಲು ನಿಜವಾದ ಸಂಖ್ಯೆಯನ್ನು ನೋಡಿ. ಇದೊಂದು ಅಭ್ಯಾಸವಾದರೆ ಜಾಹೀರಾತುಗಳನ್ನು ಓದುವ ಕಣ್ಣೇ ಬೇರೆಯಾಗುತ್ತದೆ.

‘ಒಂದು ಇಂಚಿನ ಸೆನ್ಸರ್’ ಅಂತಾರೆ, ಅಳೆದರೆ ಇಂಚಿನ ಹತ್ತಿರವೂ ಇಲ್ಲವಲ್ಲ?

ಅದರ ಅಳತೆ 13.2×8.8 ಮಿ.ಮೀ., ಕರ್ಣ ಸುಮಾರು 16 ಮಿ.ಮೀ. ಹಳೆಯ ಟೆಲಿವಿಷನ್ ಕ್ಯಾಮೆರಾಗಳಲ್ಲಿ ಬಿಂಬ ಹಿಡಿಯುತ್ತಿದ್ದ ಗಾಜಿನ ನಳಿಕೆಗಳನ್ನು ಹೊರಗಿನ ವ್ಯಾಸದಿಂದ ಹೆಸರಿಸುತ್ತಿದ್ದರು. ಒಂದು ಇಂಚಿನ ನಳಿಕೆಯೊಳಗೆ ಬಳಕೆಗೆ ಸಿಗುತ್ತಿದ್ದ ಜಾಗ ಇಷ್ಟೇ. ನಳಿಕೆ ಹೋಯಿತು, ಹೆಸರು ಉಳಿಯಿತು. ಚಿಕ್ಕ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವ 1/2.3 ಇಂಚಿನ ಸೆನ್ಸರ್ ಕೂಡ ಇದೇ ಲೆಕ್ಕದ್ದು: ಸುಮಾರು 6.2×4.6 ಮಿ.ಮೀ. ವಿಸ್ತೀರ್ಣದಲ್ಲಿ ‘ಒಂದು ಇಂಚು’ ಅದರ ನಾಲ್ಕು ಪಟ್ಟು.

ನನ್ನದು ಎಫ್/1.8, ಸ್ನೇಹಿತರ ದೊಡ್ಡ ಕ್ಯಾಮೆರಾದ್ದೂ ಎಫ್/1.8. ಹಾಗಿದ್ದರೂ ಅವರ ಚಿತ್ರದಲ್ಲಿ ಹಿನ್ನೆಲೆ ಕರಗುತ್ತದೆ, ನನ್ನದರಲ್ಲಿ ಇಲ್ಲ. ಯಾಕೆ?

ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅನುಪಾತ. ಒಂದು ಚದರ ಮಿಲಿಮೀಟರ್ ಸೆನ್ಸರ್ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು ಅದು ಹೇಳುತ್ತದೆ, ಆದ್ದರಿಂದ ಷಟರ್ ವೇಗ ಎರಡರಲ್ಲೂ ಒಂದೇ ಬರುತ್ತದೆ. ಹಿನ್ನೆಲೆಯನ್ನು ಕರಗಿಸುವುದು ಅನುಪಾತದ ಕೆಲಸವಲ್ಲ. ಕಿಂಡಿಯ ನಿಜವಾದ ವ್ಯಾಸದ ಕೆಲಸ. 8.8 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಎಂದರೆ 5 ಮಿ.ಮೀ.ಗೂ ಚಿಕ್ಕ ಕಿಂಡಿ. ಅದೇ ನೋಟದ ಕೋನ ಕೊಡುವ 24 ಮಿ.ಮೀ. ಲೆನ್ಸಿನಲ್ಲಿ ಅದು 13 ಮಿ.ಮೀ. ದಾಟುತ್ತದೆ. ಹಿನ್ನೆಲೆಯ ಮಟ್ಟಿಗೆ ಒಂದು ಇಂಚಿನ ಸೆನ್ಸರಿನ ಎಫ್/1.8, ಫುಲ್ ಫ್ರೇಮಿನ ಎಫ್/4.9ರಂತೆ ನಡೆದುಕೊಳ್ಳುತ್ತದೆ. ಹೂವು, ಕೀಟಗಳನ್ನು ಹತ್ತಿರದಿಂದ ತೆಗೆಯುವವರಿಗೆ ಇದೇ ವರವೂ ಹೌದು, ಏಕೆಂದರೆ ತಲೆಯಿಂದ ಬಾಲದವರೆಗೆ ಸ್ಪಷ್ಟವಾಗಿ ಹಿಡಿಯಲು ಅಪರ್ಚರನ್ನು ಕುಗ್ಗಿಸಬೇಕಾಗಿಲ್ಲ.

## ಮಡಚುವುದು, ಅಡಗಿಸುವುದು

ನನ್ನ ಹಳೆಯ ಕ್ಯಾಮೆರಾದಲ್ಲಿ ಲೆನ್ಸ್ ಹೊರಗೇ ಬರುವುದಿಲ್ಲ, ಆದರೂ ಜೂಮ್ ಆಗುತ್ತದೆ. ಒಳಗೆ ಏನು ನಡೆಯುತ್ತದೆ?

ಬೆಳಕನ್ನು ಒಳಗೆ ಬಂದೊಡನೆ 90 ಡಿಗ್ರಿ ತಿರುಗಿಸಲಾಗುತ್ತದೆ. ಮುಂಭಾಗದ ಗಾಜಿನ ಹಿಂದೆ ಪಟ್ಟಕವೊಂದು (ಪ್ರಿಸಂ) ಓರೆಯಾಗಿ ಕೂತಿರುತ್ತದೆ. ಅದಕ್ಕೆ ತಾಗಿದ ಬೆಳಕು ಕ್ಯಾಮೆರಾದ ದಪ್ಪದ ದಿಕ್ಕನ್ನು ಬಿಟ್ಟು ಎತ್ತರದ ದಿಕ್ಕಿನಲ್ಲೋ ಅಗಲದ ದಿಕ್ಕಿನಲ್ಲೋ ಸಾಗಿ, ಅಲ್ಲಿ ಹಳಿಯ ಮೇಲೆ ಜರುಗುವ ಮಸೂರಗುಂಪುಗಳನ್ನು ದಾಟಿ, ಕೊನೆಗೆ ಕ್ಯಾಮೆರಾದ ತಳದಲ್ಲೋ ಪಕ್ಕದಲ್ಲೋ ನಿಂತ ಸೆನ್ಸರನ್ನು ಮುಟ್ಟುತ್ತದೆ. ಉದ್ದ ಕಡಿಮೆಯಾಗಿಲ್ಲ, ಮಲಗಿದೆ. 2002ರಲ್ಲಿ ಬಂದ ಮಿನೋಲ್ಟಾ ಡಿಮಾಜ್ ಎಕ್ಸ್ ಈ ಉಪಾಯವನ್ನು ಬಳಸಿ 37ರಿಂದ 111 ಮಿ.ಮೀ. ಸಮಾನದ ಮೂರುಪಟ್ಟು ಜೂಮನ್ನು 20 ಮಿ.ಮೀ. ದಪ್ಪದ ದೇಹದಲ್ಲಿ ಅಡಗಿಸಿತು. ಮರುವರ್ಷ ಸೋನಿ ಸೈಬರ್‌ಶಾಟ್ ಟಿ1 ಅದೇ ದಾರಿ ಹಿಡಿಯಿತು.

ಕೆಟ್ಟು ಮೂಲೆ ಸೇರಿದ್ದ ಇಂಥದೊಂದು ಕ್ಯಾಮೆರಾವನ್ನು ಒಮ್ಮೆ ಬಿಚ್ಚಿ ನೋಡಿದೆ. ಪಗಡೆಯ ದಾಳವನ್ನು ಕರ್ಣದ ಗುಂಟ ಕೊಯ್ದಂತಹ ಗಾಜಿನ ತುಂಡು. ಬೆರಳ ತುದಿಯಲ್ಲಿಟ್ಟು ಕಿಟಕಿಯತ್ತ ಹಿಡಿದರೆ ಎದುರಿನ ಗೋಡೆಯ ಬದಲು ಸೂರು ಕಾಣಿಸುತ್ತಿತ್ತು. ಅಷ್ಟು ಚಿಕ್ಕ ತುಂಡು ಸಾಲುವುದಕ್ಕೂ ಕಾರಣವಿದೆ. ವೈಡ್ (ಅಗಲ) ನೋಟದಲ್ಲಿ ಅಂಚಿನಿಂದ ಬರುವ ಕಿರಣ ಅಕ್ಷಕ್ಕೆ 30 ಡಿಗ್ರಿ ವಾಲಿದ್ದರೂ, 1.8ರಷ್ಟು ವಕ್ರೀಭವನ ಸೂಚ್ಯಂಕದ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಗಾಜನ್ನು ಹೊಕ್ಕೊಡನೆ ಅದರ ವಾಲಿಕೆ 16 ಡಿಗ್ರಿಗೆ ಇಳಿಯುತ್ತದೆ. ಕಿರಣಗಳ ಕಟ್ಟು ಅಷ್ಟಾಗಿ ಹರಡದ ಕಾರಣ ಅದನ್ನು ಹಿಡಿಯುವ ಪಟ್ಟಕವೂ ಚಿಕ್ಕದಾಗುತ್ತದೆ. ಬರಿಯ ಕನ್ನಡಿಯನ್ನಿಟ್ಟರೆ ಈ ಲಾಭ ಸಿಗುವುದಿಲ್ಲ. ಪಟ್ಟಕದ ಮುಂದೆ ಒಂದು ನಿಮ್ನ ಮಸೂರವನ್ನೂ ಇಟ್ಟು ಕಿರಣಗಳನ್ನು ಇನ್ನಷ್ಟು ನೇರ ಮಾಡುವುದು ವಾಡಿಕೆ. ಒಂದೇ ಒಂದು ಪ್ರತಿಫಲನವಾದ್ದರಿಂದ ಬಿಂಬ ಎಡಬಲ ಅದಲುಬದಲಾಗಿರುತ್ತದೆ. ಸೆನ್ಸರನ್ನು ಓದುವಾಗ ಅದನ್ನು ಸರಿಮಾಡಿಕೊಳ್ಳುತ್ತಾರೆ.

ಇಷ್ಟು ಒಳ್ಳೆಯ ಉಪಾಯವಾದರೆ ಎಲ್ಲ ಕ್ಯಾಮೆರಾಗಳೂ ಯಾಕೆ ಹೀಗಿಲ್ಲ?

ಮಡಚಿದ ಲೆನ್ಸಿನಲ್ಲಿ ಸೆನ್ಸರ್ ಕ್ಯಾಮೆರಾದ ದಪ್ಪದೊಳಗೆ ಅಡ್ಡಲಾಗಿ ನಿಲ್ಲಬೇಕು. ದೇಹ 20 ಮಿ.ಮೀ. ಇದ್ದರೆ ಹೊರಕವಚ, ಪರದೆ, ಸೆನ್ಸರಿನ ಸುತ್ತಲಿನ ಚೌಕಟ್ಟು, ಮಸೂರಗಳನ್ನು ಹಿಡಿದ ಕೊಳವೆ ಎಲ್ಲವನ್ನೂ ಕಳೆದು ಉಳಿಯುವ ಜಾಗದಲ್ಲಿ ಚಿಕ್ಕ ಸೆನ್ಸರ್ ಮಾತ್ರ ಹಿಡಿಸುತ್ತದೆ. ಅಪರ್ಚರ್ ದೊಡ್ಡದಾಗಬೇಕಾದರೆ ಪಟ್ಟಕ ದೊಡ್ಡದಾಗಬೇಕು, ಪಟ್ಟಕ ದೊಡ್ಡದಾದರೆ ದಪ್ಪ ಹೆಚ್ಚುತ್ತದೆ. ಉಳಿಸಲು ಹೊರಟಿದ್ದೇ ಕೈತಪ್ಪುತ್ತದೆ. ಹಾಗಾಗಿ ಈ ಬಗೆಯ ಕ್ಯಾಮೆರಾಗಳು ಮಬ್ಬು ಬೆಳಕಿನಲ್ಲಿ ಸಪ್ಪೆ ಎನಿಸಿಕೊಂಡವು.

ಅವು ನಿಜವಾಗಿ ಗೆದ್ದದ್ದು ನೀರಿನಲ್ಲಿ. ಹೊರಗೆ ಚಲಿಸುವ ಭಾಗವೇ ಇಲ್ಲದ ಲೆನ್ಸನ್ನು ಒಂದು ಗಾಜಿನ ಕಿಟಕಿಯ ಹಿಂದೆ ಮುಚ್ಚಿಬಿಡಬಹುದು. 2006ರ ಒಲಿಂಪಸ್ 720 ಎಸ್‌ಡಬ್ಲ್ಯೂ 3 ಮೀಟರ್ ಆಳದ ನೀರನ್ನೂ, 1.5 ಮೀಟರ್ ಎತ್ತರದಿಂದ ಬೀಳುವ ಪೆಟ್ಟನ್ನೂ ತಾಳಬಲ್ಲದೆಂಬ ಭರವಸೆಯೊಂದಿಗೆ ಬಂದದ್ದು ಇದೇ ಬಲದಿಂದ. ದಪ್ಪ ಇಳಿಸಲೆಂದು ಹುಟ್ಟಿದ ವಿನ್ಯಾಸ ಗಟ್ಟಿತನಕ್ಕೆ ಹೆಸರಾಯಿತು.

ಆಫ್ ಮಾಡಿದ ಕೂಡಲೇ ಅಷ್ಟುದ್ದದ ಲೆನ್ಸ್ ಎಲ್ಲಿಗೆ ಮಾಯವಾಗುತ್ತದೆ?

ಚಿತ್ರ ತೆಗೆಯುವಾಗ ಮಸೂರಗಳ ನಡುವೆ ಇರುವ ಖಾಲಿ ಗಾಳಿಯ ಜಾಗವೇ ಲೆನ್ಸಿನ ಉದ್ದದ ದೊಡ್ಡ ಪಾಲು. ಕ್ಯಾಮೆರಾ ಮಲಗಿದಾಗ ಆ ಗಾಳಿ ಬೇಕಾಗಿಲ್ಲ. ಒಂದರೊಳಗೊಂದು ಸೇರುವ ಕೊಳವೆಗಳ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಕಾಲುವೆಗಳಿರುತ್ತವೆ. ಮಸೂರಗುಂಪುಗಳ ಚೌಕಟ್ಟಿನಿಂದ ಹೊರಚಾಚಿದ ಪುಟ್ಟ ಗೂಟಗಳು ಅವುಗಳಲ್ಲಿ ಜಾರುತ್ತವೆ. ಮೋಟಾರು ಕೊಳವೆಯನ್ನು ತಿರುಗಿಸಿದಂತೆ ಪ್ರತಿ ಗುಂಪೂ ತನ್ನ ಕಾಲುವೆಯ ಓಟಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆ. ಜೂಮ್ ಮಾಡುವುದೂ, ಮಡಚಿಕೊಳ್ಳುವುದೂ ಒಂದೇ ಕಾಲುವೆಯ ಬೇರೆ ಬೇರೆ ತುಂಡುಗಳು.

ಇಷ್ಟು ಮಾಡಿದರೂ ಗಾಜಿನ ಒಟ್ಟು ದಪ್ಪ ಉಳಿದೇ ಉಳಿಯುತ್ತದೆ. ಅಲ್ಲಿ ಪೆಂಟ್ಯಾಕ್ಸ್ ಹೂಡಿದ ಆಟ ನನಗೆ ಇಂದಿಗೂ ಮೆಚ್ಚುಗೆ. 2003ರ ಆಪ್ಟಿಯೊ ಎಸ್ ಕ್ಯಾಮೆರಾದಲ್ಲಿ ಲೆನ್ಸ್ ಒಳಸೇರುವಾಗ ನಡುವಿನ ಮಸೂರಗುಂಪು ಸಾಲಿನಿಂದ ಹೊರಬಂದು ಮೇಲಕ್ಕೆ ಸರಿದು ನಿಲ್ಲುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಉಳಿದವು ಒತ್ತಿಕೊಳ್ಳುತ್ತವೆ. ಮೂರು ಪಟ್ಟು ಜೂಮ್ ಇದ್ದ ಈ ಕ್ಯಾಮೆರಾ ಪುದೀನ ಗುಳಿಗೆಗಳ ತಗಡಿನ ಡಬ್ಬಿಯೊಂದರೊಳಗೆ ಹಿಡಿಸುತ್ತಿತ್ತು, ಅದರ ಪ್ರಚಾರವೂ ಹಾಗೆಯೇ ನಡೆಯಿತು. ಇಲ್ಲಿ ದಪ್ಪದ ಸಾಲ ತೀರಿಸಿದ್ದು ಯಾಂತ್ರಿಕ ನಿಖರತೆ: ಆನ್ ಮಾಡಿದಾಗಲೆಲ್ಲ ಆ ಗುಂಪು ಕೂದಲೆಳೆಯಷ್ಟೂ ತಪ್ಪದೆ ಮತ್ತೆ ಅಕ್ಷದ ಮೇಲೆ ಬಂದು ಕೂರಬೇಕು. ಪಕ್ಕಕ್ಕೆ ಸರಿಸಿಟ್ಟ ಮಸೂರವನ್ನು ಸಾವಿರಾರು ಬಾರಿ ಅದೇ ಜಾಗಕ್ಕೆ ತರುವುದು ಗಾಜು ಅರೆಯುವುದಕ್ಕಿಂತ ಸುಲಭದ ಕೆಲಸವೇನಲ್ಲ.

ಮರಳಿನ ಹತ್ತಿರ ಹೋಗಿ ಬಂದ ಮೇಲೆ ‘ಲೆನ್ಸ್ ದೋಷ’ ಎಂದು ತೋರಿಸಿ ಕ್ಯಾಮೆರಾ ನಿಂತೇಹೋಯಿತು. ಇದು ವಿನ್ಯಾಸದ ತಪ್ಪೇ?

ನನ್ನದೊಂದು ಕ್ಯಾಮೆರಾವೂ ಹೀಗೆಯೇ ತೀರಿಕೊಂಡಿತು. ಬಿಚ್ಚಿದಾಗ ಸಿಕ್ಕಿದ್ದು ಒಂದೇ ಒಂದು ಮರಳ ಕಣ. ಎರಡನೆಯ ಮತ್ತು ಮೂರನೆಯ ಕೊಳವೆಗಳ ಸಂದಿನಲ್ಲಿ ಸಿಕ್ಕಿ, ಪ್ಲಾಸ್ಟಿಕ್ಕಿನ ಮೇಲೆ ಉಗುರಿನಿಂದ ಗೀರಿದಂತಹ ಗೆರೆ ಎಳೆದಿತ್ತು. ಕೊಳವೆಗಳ ನಡುವಿನ ಸಂದು ಮರಳ ಕಣಕ್ಕಿಂತ ಕಿರಿದು, ಮೋಟಾರಿನ ಬಲವೂ ಅಷ್ಟಕ್ಕಷ್ಟೆ. ಸಂದನ್ನು ಅಗಲ ಮಾಡಿದರೆ ಕೊಳವೆ ಅಲುಗಾಡಿ ಚಿತ್ರದ ಮೂಲೆಗಳು ಹಾಳಾಗುತ್ತವೆ. ತಪ್ಪು ಎನ್ನುವುದಕ್ಕಿಂತ, ತೆಳುವಿಗಾಗಿ ತಿಳಿದೇ ಒಪ್ಪಿಕೊಂಡ ದೌರ್ಬಲ್ಯ ಎನ್ನಬೇಕು. ಮರಳಿರುವ ಕಡೆ ಜೂಮ್ ಮುಟ್ಟದಿರುವುದು, ಆಫ್ ಮಾಡುವ ಮುನ್ನ ಮೂತಿಯನ್ನು ಕೆಳಗೆ ಮಾಡಿ ಊದುಬುರುಡೆಯಿಂದ ಊದುವುದು ಒಳ್ಳೆಯದು.

ಒಂದೇ ಲೆನ್ಸಿನ ಬದಲು ಎರಡು ಮೂರು ಲೆನ್ಸ್ ಇಡುವುದು ಫೋನಿನಿಂದ ಬಂದ ಉಪಾಯವೇ?

ಅಲ್ಲ. 2006ರ ಆರಂಭದಲ್ಲೇ ಕೊಡಾಕ್ ಈಸಿಶೇರ್ ವಿ570 ಎರಡು ಲೆನ್ಸ್, ಎರಡು ಸೆನ್ಸರ್ ಹೊತ್ತು ಬಂದಿತ್ತು: ಒಂದು 23 ಮಿ.ಮೀ. ಸಮಾನದ ಸ್ಥಿರ ವೈಡ್, ಇನ್ನೊಂದು 39ರಿಂದ 117 ಮಿ.ಮೀ.ವರೆಗಿನ ಮಡಚಿದ ಜೂಮ್. 23ರಿಂದ 117ರವರೆಗೆ ಒಂದೇ ಜೂಮ್ ಮಾಡಹೊರಟರೆ ಅದು ಆ ದೇಹದಲ್ಲಿ ಹಿಡಿಸುತ್ತಿರಲಿಲ್ಲ. ಬೆಲೆಯಾಗಿ 23 ಮತ್ತು 39ರ ನಡುವೆ ಒಂದು ಕಂದಕ ಉಳಿಯಿತು. 2017ರಲ್ಲಿ ಕೈಸೇರಿದ ಲೈಟ್ ಎಲ್16 ಇದನ್ನು ಕೊನೆಯವರೆಗೂ ಎಳೆಯಿತು: 28, 70 ಮತ್ತು 150 ಮಿ.ಮೀ. ಸಮಾನದ ಒಟ್ಟು 16 ಪುಟ್ಟ ಕ್ಯಾಮೆರಾಗಳು, ಉದ್ದನೆಯವಕ್ಕೆಲ್ಲ ಮಡಚಿದ ಹಾದಿ, ಒಮ್ಮೆಗೆ ಹತ್ತು ಕ್ಯಾಮೆರಾಗಳ ಚಿತ್ರಗಳನ್ನು ಹೊಲಿದು ಒಂದು ಚಿತ್ರ. ಕಲ್ಪನೆ ದೊಡ್ಡದಿತ್ತು, ಹೊಲಿಗೆಯ ಗೆರೆಗಳು ಆಗಾಗ ಕಾಣುತ್ತಿದ್ದವು.

## ಗಾಜಿನ ಒಳಗೆ

ಎಲ್ಲ ಜಾಹೀರಾತಿನಲ್ಲೂ ‘ಆಸ್ಫೆರಿಕಲ್’ ಎಂಬ ಮಾತಿದೆ. ಅದರಿಂದ ನನಗೇನು ಲಾಭ?

ಗೋಳದ ತುಣುಕಿನಂತಹ ಮೈಯನ್ನು ಅರೆಯುವುದು ಸುಲಭ. ಎರಡು ಮೈಗಳನ್ನು ಒಂದರ ಮೇಲೊಂದು ಎಲ್ಲ ದಿಕ್ಕಿಗೂ ಉಜ್ಜುತ್ತಿದ್ದರೆ ಗೋಳದ ಆಕಾರ ತಾನಾಗಿ ಮೂಡುತ್ತದೆ. ಆದರೆ ಗೋಳೀಯ ಮಸೂರದ ಅಂಚಿಗೆ ಬಿದ್ದ ಕಿರಣ ನಡುವಿನ ಕಿರಣಕ್ಕಿಂತ ಹೆಚ್ಚು ಬಾಗಿ ಮೊದಲೇ ಸಂಧಿಸುತ್ತದೆ. ಈ ದೋಷವನ್ನು ತಿದ್ದಲು ಇನ್ನೊಂದು ಮಸೂರ, ಅದು ತಂದ ದೋಷವನ್ನು ತಿದ್ದಲು ಮತ್ತೊಂದು, ಹೀಗೆ ಲೆನ್ಸ್ ಉದ್ದವಾಗುತ್ತ ಹೋಗುತ್ತದೆ. ಅಂಚಿಗೆ ಹೋದಂತೆ ಬಾಗು ನಿಧಾನವಾಗಿ ಬದಲಾಗುವ ಅಗೋಳೀಯ ಮಸೂರ, ಅಂತಹ ಎರಡು ಮೂರು ಮಸೂರಗಳ ಕೆಲಸವನ್ನು ಒಂದೇ ಮೈಯಿಂದ ಮಾಡುತ್ತದೆ. ನಿಮಗೆ ಸಿಗುವ ಲಾಭ ನೇರವಾದದ್ದು: ಮಸೂರಗಳು ಕಡಿಮೆಯಾಗಿ ಕ್ಯಾಮೆರಾ ತೆಳುವಾಗುತ್ತದೆ, ಅಥವಾ ಅದೇ ದಪ್ಪದಲ್ಲಿ ಅಪರ್ಚರ್ ಹಿಗ್ಗುತ್ತದೆ.

ಉಜ್ಜುವ ಹಳೆಯ ವಿಧಾನ ಇಲ್ಲಿ ನಡೆಯದು. ಗಾಜಿನ ಪುಟ್ಟ ಗಟ್ಟಿಯನ್ನು ಮೆತ್ತಗಾಗುವವರೆಗೆ ಕಾಯಿಸಿ, ಟಂಗ್‌ಸ್ಟನ್ ಕಾರ್ಬೈಡಿನಂತಹ ಗಟ್ಟಿ ವಸ್ತುವಿನ ಅಚ್ಚಿನಲ್ಲಿ ಒತ್ತಿ, ಆತುರಪಡದೆ ತಣಿಸುತ್ತಾರೆ. ಅಚ್ಚೊತ್ತಿದ ಗಾಜಿನ ಅಗೋಳೀಯ ಮಸೂರವನ್ನು ಜನಸಾಮಾನ್ಯರ ಕ್ಯಾಮೆರಾಕ್ಕೆ ದೊಡ್ಡ ಪ್ರಮಾಣದಲ್ಲಿ ತಂದದ್ದು 1982ರ ಕೊಡಾಕ್ ಡಿಸ್ಕ್ ಕ್ಯಾಮೆರಾ. ಫಿಲ್ಮಿನ ಚೌಕಟ್ಟು ತೀರಾ ಚಿಕ್ಕದಾಗಿ ಆ ಕ್ಯಾಮೆರಾ ಸೋತಿತು, ಅದರ ಮಸೂರ ಮಾಡುವ ಬಗೆ ಗೆದ್ದಿತು. 2012ರ ಸೋನಿ ಆರ್‌ಎಕ್ಸ್100 ಒಂದು ಇಂಚಿನ ಸೆನ್ಸರನ್ನೂ, ವೈಡ್ ತುದಿಯಲ್ಲಿ ಎಫ್/1.8 ಕೊಡುವ ಜೂಮನ್ನೂ ಅಂಗಿಯ ಜೇಬಿಗೆ ಇಳಿಸಿದ್ದರ ಹಿಂದೆ ಬಾಗು ತೀರಾ ಕಡಿದಾದ ಅಗೋಳೀಯ ಮಸೂರಗಳಿವೆ.

ಇದಕ್ಕೂ ಒಂದು ಗುರುತು ಬೀಳುತ್ತದೆ. ಅಚ್ಚನ್ನು ಕಡೆದ ಉಳಿಯ ಅತಿಸೂಕ್ಷ್ಮ ವರ್ತುಲಗಳು ಗಾಜಿನ ಮೇಲೂ ಇಳಿದಿದ್ದರೆ, ರಾತ್ರಿಯ ಚಿತ್ರಗಳಲ್ಲಿ ಮಸುಕಾದ ದೀಪದ ಬಿಲ್ಲೆಯೊಳಗೆ ಈರುಳ್ಳಿ ಕೊಯ್ದಂತೆ ಬಳೆಬಳೆಯಾಗಿ ಕಾಣುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಅದು ಕಂಡರೆ ಗಾಬರಿಯಾಗಬೇಡಿ, ಕೊಳೆಯೆಂದು ಒರೆಸಲೂ ಹೋಗಬೇಡಿ.

ಮಸೂರಗಳ ಸಂಖ್ಯೆ ಹೆಚ್ಚಿದ್ದಷ್ಟೂ ಲೆನ್ಸ್ ಒಳ್ಳೆಯದು ಎಂದು ಹೇಳುತ್ತಾರೆ. ನಿಜವೇ?

ಸಂಖ್ಯೆಯೊಂದರಿಂದಲೇ ಏನೂ ತೀರ್ಮಾನವಾಗದು. ಲೇಪವಿಲ್ಲದ ಸಾಮಾನ್ಯ ಗಾಜಿನ ಪ್ರತಿ ಮೈಯಲ್ಲೂ ಸುಮಾರು 4 ಶೇಕಡಾ ಬೆಳಕು ಪ್ರತಿಫಲಿಸಿ ಹೋಗುತ್ತದೆ. ಬಿಡಿಬಿಡಿಯಾದ 10 ಮಸೂರಗಳಿಗೆ 20 ಮೈಗಳು, 0.96ನ್ನು 20 ಸಲ ಗುಣಿಸಿದರೆ ಸೆನ್ಸರಿಗೆ ತಲುಪುವುದು 44 ಶೇಕಡಾ ಮಾತ್ರ. ಹೋದ ಬೆಳಕು ಸುಮ್ಮನಿರುವುದೂ ಇಲ್ಲ. ಒಳಗೇ ಅಡ್ಡಾಡಿ ಚಿತ್ರದ ಕಪ್ಪನ್ನು ಬೂದು ಮಾಡುತ್ತದೆ. ಪ್ರತಿಫಲನ ತಡೆಯುವ ಲೇಪವನ್ನು 1935ರಲ್ಲಿ ಕಾರ್ಲ್ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸದೇ ಇದ್ದಿದ್ದರೆ ಇಂದಿನ ಜೂಮ್ ಲೆನ್ಸುಗಳು ಕಾಗದದ ಮೇಲೆಯೇ ಉಳಿಯುತ್ತಿದ್ದವು. ಪ್ರತಿ ಮೈಯ ನಷ್ಟ ಅರ್ಧ ಶೇಕಡಾಕ್ಕೆ ಇಳಿದರೆ ಅದೇ 20 ಮೈಗಳ ಬಳಿಕವೂ 90 ಶೇಕಡಾ ಬೆಳಕು ಉಳಿಯುತ್ತದೆ.

ಹೆಚ್ಚು ಬಾಗಿಸುವ ಗಾಜನ್ನೇ ಎಲ್ಲ ಕಡೆ ಬಳಸಿದರೆ ಲೆನ್ಸ್ ಇನ್ನೂ ತೆಳುವಾಗುವುದಿಲ್ಲವೇ?

ತೆಳುವಾಗುತ್ತದೆ, ಆದರೆ ಬೆಳಕನ್ನು ಹೆಚ್ಚು ಬಾಗಿಸುವ ಗಾಜು ಸಾಮಾನ್ಯವಾಗಿ ಬಣ್ಣಗಳನ್ನೂ ಹೆಚ್ಚು ಬೇರ್ಪಡಿಸುತ್ತದೆ. ನೀಲಿ ಒಂದೆಡೆ, ಕೆಂಪು ಇನ್ನೊಂದೆಡೆ ಸಂಧಿಸಿ, ಬೆಳಗಿನ ಆಕಾಶಕ್ಕೆ ಎದುರಾಗಿ ನಿಂತ ಕೊಂಬೆಗಳ ಅಂಚಿನಲ್ಲಿ ನೇರಳೆ ಗೆರೆ ಕಾಣಿಸುತ್ತದೆ. ಅದಕ್ಕಾಗಿ ಬಣ್ಣ ಕಡಿಮೆ ಚದುರಿಸುವ ಗಾಜಿನ ಉಬ್ಬು ಮಸೂರಕ್ಕೆ ಹೆಚ್ಚು ಚದುರಿಸುವ ಗಾಜಿನ ತಗ್ಗು ಮಸೂರವನ್ನು ಜೊತೆಗೂಡಿಸಿ ಸರಿದೂಗಿಸುತ್ತಾರೆ. ಆ ಜೋಡಿಯನ್ನು ಕೈಬಿಡುವಷ್ಟು ತೆಳುವಿನ ಆಸೆ ಯಾವ ವಿನ್ಯಾಸಕಾರರಿಗೂ ಇರಲಾರದು.

## ತಂತ್ರಾಂಶ, ಮಿತಿಗಳು, ಮುಂದಿನ ದಾರಿ

ರಾ ಕಡತವನ್ನು (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಚಿತ್ರ) ಬೇರೆ ತಂತ್ರಾಂಶದಲ್ಲಿ ತೆರೆದರೆ ಗೋಡೆಯ ಗೆರೆಗಳೆಲ್ಲ ಪೀಪಾಯಿಯಂತೆ ಉಬ್ಬಿವೆ. ಕಂಪನಿ ನನಗೆ ಕೆಟ್ಟ ಲೆನ್ಸ್ ಕೊಟ್ಟು ಮುಚ್ಚಿಟ್ಟಿದೆಯೇ?

ಈ ಪ್ರಶ್ನೆ ಸಿಟ್ಟಿನಿಂದಲೇ ಬರುತ್ತದೆ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿನ್ಯಾಸಕಾರರ ಮೇಜಿನ ಕಡೆಯಿಂದಲೂ ನೋಡಬೇಕು. ಲೆನ್ಸಿನ ದೋಷಗಳಲ್ಲಿ ಎರಡು ಬಗೆ. ಒಂದು ಬಗೆಯದರಲ್ಲಿ ಚುಕ್ಕೆಯೇ ಮಸುಕಾಗುತ್ತದೆ. ಹೋದ ವಿವರವನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ತರಲಾರದು. ಇನ್ನೊಂದು ಬಗೆಯದರಲ್ಲಿ ಚುಕ್ಕೆ ಚುರುಕಾಗಿಯೇ ಇದ್ದು ಜಾಗ ಮಾತ್ರ ತಪ್ಪಿರುತ್ತದೆ. ಪೀಪಾಯಿಯಂತಹ ಉಬ್ಬು ಈ ಬಗೆಯದು. ಎಷ್ಟು ತಪ್ಪಿದೆ ಎಂಬುದು ಮೊದಲೇ ಗೊತ್ತಿದ್ದರೆ ಚುಕ್ಕೆಯನ್ನು ಅದರ ಜಾಗಕ್ಕೆ ತಳ್ಳಿದರಾಯಿತು. ಎರಡನೆಯದನ್ನು ತಂತ್ರಾಂಶಕ್ಕೆ ಬಿಟ್ಟುಕೊಟ್ಟರೆ, ಗಾಜು ತನ್ನ ಶಕ್ತಿಯನ್ನೆಲ್ಲ ಮೊದಲನೆಯದರ ಮೇಲೆ ಹಾಕಬಹುದು. 2008ರ ಪ್ಯಾನಸೋನಿಕ್ ಎಲ್‌ಎಕ್ಸ್3, 24 ಮಿ.ಮೀ. ಸಮಾನ ಹಾಗೂ ಎಫ್/2.0 ಎರಡನ್ನೂ ಅಷ್ಟು ಚಿಕ್ಕ ದೇಹದಲ್ಲಿ ಕೊಡಲು ಸಾಧ್ಯವಾದದ್ದು ಈ ಕೆಲಸಹಂಚಿಕೆಯಿಂದ.

ನಷ್ಟವಿಲ್ಲವೆಂದಲ್ಲ. ಉಬ್ಬನ್ನು ಸರಿಮಾಡಲು ಮೂಲೆಗಳನ್ನು ಹೊರಕ್ಕೆ ಎಳೆಯಬೇಕು, ಎಳೆದಲ್ಲಿ ವಿವರ ತೆಳುವಾಗುತ್ತದೆ. ಮೂಲೆಗಳ ಕತ್ತಲನ್ನೂ ಜೊತೆಗೇ ಎತ್ತಿದರೆ ಅಲ್ಲಿ ಕಾಳುಕಾಳಾಗುವುದು ಹೆಚ್ಚುತ್ತದೆ. ನನ್ನ ಮಟ್ಟಿಗೆ ಇದು ಮೋಸವಲ್ಲ, ತೆಳುವಿನ ಬೆಲೆಯನ್ನು ಮೂಲೆಗಳಿಂದ ವಸೂಲಿ ಮಾಡುವ ಒಪ್ಪಂದ. ಒಪ್ಪಂದದ ಪತ್ರವನ್ನು ಗ್ರಾಹಕರಿಗೆ ತೋರಿಸುವುದಿಲ್ಲ ಎಂಬ ದೂರು ಮಾತ್ರ ನನಗೂ ಇದೆ.

ದೊಡ್ಡ ಕ್ಯಾಮೆರಾದಲ್ಲಿ ಎಫ್/16, ಎಫ್/22 ಇವೆ. ನನ್ನದು ಎಫ್/8ಕ್ಕೇ ನಿಲ್ಲುತ್ತದಲ್ಲ?

ನಿಲ್ಲಿಸಿದ್ದು ನಿಮ್ಮ ಒಳ್ಳೆಯದಕ್ಕೇ. ವಿವರ್ತನೆಯ ಚುಕ್ಕೆಯ ವ್ಯಾಸ, ತರಂಗದೂರ ಮತ್ತು ಎಫ್ ಸಂಖ್ಯೆಗಳ ಗುಣಲಬ್ಧದ 2.44 ಪಟ್ಟು. 0.55 ಮೈಕ್ರೋಮೀಟರಿನ ಹಸಿರು ಬೆಳಕಿಗೆ ಎಫ್/2.8ರಲ್ಲಿ ಅದು ಸುಮಾರು 3.8 ಮೈಕ್ರೋಮೀಟರ್, ಎಫ್/8ರಲ್ಲಿ ಸುಮಾರು 10.7. ಪಿಕ್ಸೆಲ್ಲಿನ ಅಗಲ 1.5 ಮೈಕ್ರೋಮೀಟರ್ ಆಗಿದ್ದರೆ ಎಫ್/8ರಲ್ಲಿ ಒಂದು ಚುಕ್ಕೆ ಏಳು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿಕೊಳ್ಳುತ್ತದೆ. ಅದರಾಚೆ ಹೋದರೆ ಉಳಿಯುವುದು ಮಂಜು. ಬಿಸಿಲು ಹೆಚ್ಚಾದಾಗ ಬೆಳಕನ್ನು ತಗ್ಗಿಸಲು ಅನೇಕ ಚಿಕ್ಕ ಕ್ಯಾಮೆರಾಗಳು ಅಪರ್ಚರನ್ನು ಕುಗ್ಗಿಸದೆ ಬೂದುಬಣ್ಣದ ಎನ್‌ಡಿ ಫಿಲ್ಟರೊಂದನ್ನು ಒಳಗೇ ಅಡ್ಡ ತರುತ್ತವೆ. ಆಗ ಕೇಳಿಸುವ ಸಣ್ಣ ‘ಟಿಕ್’ ಸದ್ದು ಅದರದೇ.

ದೊಡ್ಡ ಸೆನ್ಸರ್ ಇರುವ ಚಿಕ್ಕ ಕ್ಯಾಮೆರಾಗಳಲ್ಲಿ ಬದಲಿಸಲಾಗದ, ಜೂಮ್ ಕೂಡ ಇಲ್ಲದ ಲೆನ್ಸ್ ಇರುವುದೇಕೆ?

ಬದಲಿಸಲಾಗದ ಲೆನ್ಸೆಂದರೆ ಸೆನ್ಸರಿಗೂ ಲೆನ್ಸಿಗೂ ಮೊದಲೇ ಆದ ಮದುವೆ. 2011ರ ಫ್ಯೂಜಿಫಿಲ್ಮ್ ಎಕ್ಸ್100, 2012ರ ಸೋನಿ ಆರ್‌ಎಕ್ಸ್1, 2013ರ ರಿಕೋ ಜಿಆರ್ ಇಂತಹವು. ಬದಲಿಸುವ ಲೆನ್ಸಿಗೆ ಉಂಗುರಾಕಾರದ ಕೊಂಡಿ ಬೇಕು, ಅದಕ್ಕೂ ಸೆನ್ಸರಿಗೂ ನಡುವೆ ಗೊತ್ತುಪಡಿಸಿದ ಅಂತರ ಬೇಕು. ಇಲ್ಲಿ ಅವೆರಡೂ ಇಲ್ಲದ ಕಾರಣ ಕೊನೆಯ ಮಸೂರವನ್ನು ಸೆನ್ಸರಿನ ಹತ್ತಿರಕ್ಕೆ ಒಯ್ದು ಲೆನ್ಸಿನ ಅರ್ಧವನ್ನು ದೇಹದೊಳಗೇ ಮುಳುಗಿಸಬಹುದು. ಷಟರನ್ನೂ ಲೆನ್ಸಿನ ನಡುವೆಯೇ ಎಲೆಗಳ ರೂಪದಲ್ಲಿ ಇಡುವುದರಿಂದ ಸೆನ್ಸರಿನ ಮುಂದಿನ ಜಾಗ ತೆರವಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ.

ಕೊನೆಯ ಮಸೂರ ಹತ್ತಿರ ಬಂದಷ್ಟೂ ಅಂಚಿನ ಪಿಕ್ಸೆಲ್‌ಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಅದು ಅಷ್ಟಾಗಿ ತಾಗುತ್ತಿರಲಿಲ್ಲ. ಸೆನ್ಸರಿನ ಪಿಕ್ಸೆಲ್ ಮಾತ್ರ ಬಾವಿಯಿದ್ದಂತೆ, ನಡುಮಧ್ಯಾಹ್ನದ ಬಿಸಿಲಷ್ಟೇ ತಳ ಮುಟ್ಟುತ್ತದೆ. ಇದಕ್ಕೆ ಪರಿಹಾರ ಪಿಕ್ಸೆಲ್‌ಗಳ ಮೇಲಿನ ಸೂಕ್ಷ್ಮಮಸೂರಗಳನ್ನು ಅಂಚಿಗೆ ಹೋದಂತೆ ನಡುವಿನತ್ತ ತುಸು ತುಸುವೇ ಸರಿಸಿ ಕೂರಿಸುವುದು. ಲೆನ್ಸ್ ಯಾವುದೆಂದು ಖಚಿತವಾಗಿ ಗೊತ್ತಿದ್ದಾಗ ಈ ಸರಿಸುವಿಕೆ ಕರಾರುವಾಕ್ಕಾಗುತ್ತದೆ. ತಂತಿಗಳನ್ನು ಬೆಳಕು ಹಿಡಿಯುವ ಪದರದ ಹಿಂದಕ್ಕೆ ಕಳಿಸಿದ ಸೆನ್ಸರುಗಳು, 2009ರಲ್ಲಿ ಸೋನಿಯ ಡಬ್ಲ್ಯೂಎಕ್ಸ್1 ಮತ್ತು ಟಿಎಕ್ಸ್1 ಮೂಲಕ ಚಿಕ್ಕ ಕ್ಯಾಮೆರಾಗಳಿಗೆ ಬಂದ ಬಗೆಯವು, ಬಾವಿಯನ್ನೇ ಆಳ ಕಡಿಮೆಯ ತಟ್ಟೆಯಾಗಿಸಿದವು.

ಫೋನಿನ ‘ಪೆರಿಸ್ಕೋಪ್’ ಲೆನ್ಸ್ ಹೊಸ ಆವಿಷ್ಕಾರವೇ?

ಹಾದಿಯನ್ನು ಮಡಚುವ ತತ್ವ ಚಿಕ್ಕ ಕ್ಯಾಮೆರಾಗಳದೇ. 2019ರ ಹುವಾವೇ ಪಿ30 ಪ್ರೊ ಅದನ್ನು 125 ಮಿ.ಮೀ. ಸಮಾನದ ಸ್ಥಿರ ಟೆಲಿಗೆ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿಗೆ) ಬಳಸಿತು. ಟೆಲಿಯಲ್ಲಿ ನೋಟದ ಕೋನ ಕಿರಿದಾದ್ದರಿಂದ ಫೋನಿನ ದಪ್ಪಕ್ಕೆ ಒಗ್ಗುವಷ್ಟು ಚಿಕ್ಕ ಪಟ್ಟಕ ಸಾಕಾಯಿತು. 2023ರ ಐಫೋನ್ 15 ಪ್ರೊ ಮ್ಯಾಕ್ಸ್ ಒಂದೇ ಗಾಜಿನ ತುಂಡಿನೊಳಗೆ ಬೆಳಕನ್ನು ನಾಲ್ಕು ಬಾರಿ ಪುಟಿಸಿ 120 ಮಿ.ಮೀ. ಸಮಾನವನ್ನು ಕೊಟ್ಟಿತು, ಅಲ್ಲಿ ಪಟ್ಟಕ ಬರುವುದು ಮಸೂರಗಳಾದ ಮೇಲೆ.

ಬಾಗಿದ ಸೆನ್ಸರ್, ದ್ರವದ ಮಸೂರ, ಮೆಟಾಲೆನ್ಸ್ ಎಂದೆಲ್ಲ ಓದುತ್ತೇನೆ. ಇವು ಯಾವಾಗ ಕೈಗೆ ಬರುತ್ತವೆ?

ಒಂದೊಂದರ ತೊಡಕು ಒಂದೊಂದು. ಮಸೂರ ಸಹಜವಾಗಿ ಬಟ್ಟಲಿನಂತೆ ಬಾಗಿದ ಬಿಂಬವನ್ನು ಮೂಡಿಸುತ್ತದೆ. ಅದನ್ನು ಚಪ್ಪಟೆ ಮಾಡಲೆಂದೇ ಕೆಲವು ಮಸೂರಗಳು ಬೇಕಾಗುತ್ತವೆ. ಸೆನ್ಸರನ್ನೇ ಬಾಗಿಸಿದರೆ ಅವು ಬೇಡ. ಸೋನಿ 2014ರಲ್ಲಿ ಅಂತಹ ಸೆನ್ಸರನ್ನು ಮಾಡಿ ತೋರಿಸಿತು. ಆದರೆ ಜೂಮ್ ಮಾಡಿದಂತೆ ಬಿಂಬದ ಬಾಗು ಬದಲಾಗುತ್ತದೆ, ಸಿಲಿಕಾನಿನ ಬಾಗು ಬದಲಾಗುವುದಿಲ್ಲ. ಆದ್ದರಿಂದ ಸ್ಥಿರ ಲೆನ್ಸಿನ ಕ್ಯಾಮೆರಾಗಳಲ್ಲಷ್ಟೇ ಇದಕ್ಕೆ ಭವಿಷ್ಯ ಕಾಣುತ್ತೇನೆ. ಆಕಾರ ಬದಲಿಸುವ ದ್ರವ ಮಸೂರ 2021ರಲ್ಲಿ ಶಿಯೋಮಿಯ ಮಡಚುವ ಫೋನಿನಲ್ಲಿ ಬಂದು ಒಂದೇ ಲೆನ್ಸಿನಿಂದ ಟೆಲಿಯನ್ನೂ ಮ್ಯಾಕ್ರೋವನ್ನೂ ಮಾಡಿತು. ಗಾತ್ರ ಹೆಚ್ಚಿದಂತೆ ದ್ರವದ ಮೈ ತನ್ನ ಭಾರಕ್ಕೂ ಅಲುಗಾಟಕ್ಕೂ ಸೊಟ್ಟಗಾಗಬಹುದು ಎಂಬುದು ಅದರ ಮಿತಿ.

ಮೆಟಾಲೆನ್ಸ್ ಇವುಗಳಲ್ಲಿ ಹೆಚ್ಚು ಕುತೂಹಲದ್ದು. ಚಪ್ಪಟೆ ಗಾಜಿನ ಮೇಲೆ ಬೆಳಕಿನ ತರಂಗದೂರಕ್ಕಿಂತ ಸಣ್ಣ ಕಂಬಗಳ ಕಾಡನ್ನೇ ನೆಟ್ಟು, ಯಾವ ಕಂಬದ ಬಳಿ ಬೆಳಕು ಎಷ್ಟು ತಡವಾಗಬೇಕೆಂದು ಗೊತ್ತುಮಾಡಿ, ಉಬ್ಬಿಲ್ಲದೆಯೇ ಕಿರಣಗಳನ್ನು ಒಂದೆಡೆ ಸೇರಿಸುತ್ತಾರೆ. ಹಾರ್ವರ್ಡ್‌ನಲ್ಲಿ ಫೆಡೆರಿಕೊ ಕಪಾಸೊ ಅವರ ತಂಡ 2016ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಕಂಬಗಳಿಂದ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಇದನ್ನು ಸಾಧಿಸಿತು. ಒಂದು ಬಣ್ಣಕ್ಕೆ ಲೆಕ್ಕಹಾಕಿದ ತಡ ಇನ್ನೊಂದಕ್ಕೆ ಹೊಂದದಿರುವುದು ತೊಡಕು. ಆದ್ದರಿಂದಲೇ ಅದು ಮೊದಲು ಕಾಲಿಟ್ಟದ್ದು ಒಂದೇ ತರಂಗದೂರದ ಅವಕೆಂಪು ಬೆಳಕಿನಲ್ಲಿ ದೂರ ಅಳೆಯುವ ಪುಟ್ಟ ಘಟಕಗಳಿಗೆ. ಪೂರ್ಣಬಣ್ಣದ ಚಿತ್ರಕ್ಕೆ ಗಾಜಿನ ಸಾಲನ್ನು ಅದು ಸದ್ಯಕ್ಕೆ ಬದಲಿಸುವಂತೆ ಕಾಣುತ್ತಿಲ್ಲ.

ನನ್ನ ಚಿತ್ರಗಳಲ್ಲಿ ಒಂದು ಮೂಲೆ ಮಾತ್ರ ಮಸುಕು. ಲೆನ್ಸಿನ ದೋಷವೋ, ನಾನು ಹಿಡಿದ ರೀತಿಯೋ? ತಿಳಿಯುವುದು ಹೇಗೆ?

ಚಪ್ಪಟೆಯಾದ ಇಟ್ಟಿಗೆ ಗೋಡೆಯೋ, ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಗಳೋ ಸಾಕು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಅಪರ್ಚರನ್ನು ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ಬಳಿಕ ಕ್ಯಾಮೆರಾವನ್ನು ತಲೆಕೆಳಗಾಗಿಸಿ ಅದೇ ಗೋಡೆಯ ಇನ್ನೊಂದು ಚಿತ್ರ ತೆಗೆಯಿರಿ. ಮಸುಕು ಗೋಡೆಯ ಅದೇ ಜಾಗದಲ್ಲಿ ಉಳಿದರೆ ಸಮಾನಾಂತರ ತಪ್ಪಿದೆ ಎಂದು ಅರ್ಥ. ಕ್ಯಾಮೆರಾದ ಜೊತೆ ತಿರುಗಿ ಎದುರಿನ ಮೂಲೆಗೆ ಹೋದರೆ ಒಳಗೆ ಯಾವುದೋ ಮಸೂರ ಅಕ್ಷದಿಂದ ಸರಿದಿದೆ ಅಥವಾ ಸೆನ್ಸರ್ ವಾಲಿದೆ. ಇದನ್ನೇ ಜೂಮಿನ ವೈಡ್, ನಡು, ಟೆಲಿ ಮೂರು ಕಡೆಯೂ ಮಾಡಿ. ಮೂರರಲ್ಲೂ ಅದೇ ಮೂಲೆ ಮಸುಕಾದರೆ ಅನುಮಾನ ಸೆನ್ಸರಿನ ಮೇಲೆ. ಜೂಮ್ ಮಾಡಿದಂತೆ ಮಸುಕು ಬೇರೆ ಮೂಲೆಗೆ ಸರಿದರೆ ಅಥವಾ ಮಾಯವಾದರೆ, ಚಲಿಸುವ ಗುಂಪಿನ ಮೇಲೆ. ಮಡಚಿಕೊಳ್ಳುವ ಕೊಳವೆಯ ಕ್ಯಾಮೆರಾವಾದರೆ ಆಫ್ ಮಾಡಿ, ಮತ್ತೆ ಆನ್ ಮಾಡಿ ಇನ್ನೊಮ್ಮೆ ತೆಗೆಯಿರಿ. ಪ್ರತಿ ಸಲವೂ ಬೇರೆ ಬೇರೆ ಮೂಲೆ ಮಸುಕಾಗುತ್ತಿದ್ದರೆ ಕೊಳವೆ ಸಡಿಲಗೊಂಡಿದೆ. ಅದನ್ನು ಬಿಗಿ ಮಾಡಿಸುವುದಕ್ಕಿಂತ ಇಡೀ ಲೆನ್ಸ್ ಘಟಕವನ್ನೇ ಬದಲಿಸುವುದು ಹೆಚ್ಚಾಗಿ ಸುಲಭವಾಗುತ್ತದೆ.